ಪಟ್ಟಣದ ರಾತ್ರಿ, ಕುಂದಗೋಳದ ರಾತ್ರಿ

ಸಂಜೆಯ ಹೊತ್ತಿಗೆ ನವಲಗುಂದದ ಬಸ್ ನಿಲ್ದಾಣದಲ್ಲಿ ಹುಬ್ಬಳ್ಳಿಯ ಗಾಡಿಗಾಗಿ ಕಾಯುತ್ತ ನಿಂತ ತರುಣರೆಲ್ಲರೂ ಹುಬ್ಬಳ್ಳಿಗೆ ಹೋಗುವವರಲ್ಲ. ಅವರಲ್ಲಿ ಕೆಲವರು ಅಲ್ಲಿಂದ ರಾತ್ರಿಯ ಬಸ್ಸನ್ನೋ ರೈಲನ್ನೋ ಹಿಡಿದು, ನಾನೂರು ಕಿಲೋಮೀಟರಿನಾಚೆಯ ಬೆಂಗಳೂರಿನಲ್ಲಿ ಬೆಳಗು ಕಾಣುವವರು. ಕೈಯಲ್ಲೊಂದು ಚೀಲ, ಚೀಲದೊಳಗೆ ತಾಯಿ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ನಾಲಗೆಯ ಮೇಲೆ ಮಾತ್ರ ರಾಜಧಾನಿಯ ವರ್ಣನೆ. ಆ ವರ್ಣನೆಯಲ್ಲಿ ವಿಧಾನಸೌಧಕ್ಕಿಂತಲೂ ಲಾಲ್‌ಬಾಗಿಗಿಂತಲೂ ಹೆಚ್ಚಿನ ಸ್ಥಾನ ಅಲ್ಲಿಯ ರಾತ್ರಿಗೆ. ‘ನೈಟ್ ಲೈಫ್’ ಎಂಬ ಪದವನ್ನು ಅವರು ಉಚ್ಚರಿಸುವಾಗ ಕಣ್ಣಿನಲ್ಲೊಂದು ಮಿಂಚು ಕಾಣುತ್ತದೆ. ಪಕ್ಕದ ಕಟ್ಟೆಯ ಮೇಲೆ ಕುಳಿತ ಮುದುಕನೊಬ್ಬನಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿ ಬಂದರೆ ಪೇಚಾಟ. ‘ರಾತ್ರಿಗೊಂದು ಬ್ಯಾರೇ ಜೀವನಾ ಇರ್ತೈತೇನೋ ತಮ್ಮಾ?’ ಎಂದು ಅವನು ಕೇಳಿದರೆ ಅದರಲ್ಲಿ ಕುಚೋದ್ಯವೇನೂ ಇಲ್ಲ. ಅವನ ಪಾಲಿಗೆ ರಾತ್ರಿಯಲ್ಲಿ ಎಚ್ಚರವಿರುವುದೆಂದರೆ ಸುಗ್ಗಿಯ ಕಣ ಕಾಯುವುದು, ಈಯುವ ಎಮ್ಮೆಯ ಬಳಿ ಕಂದೀಲು ಹಿಡಿದು ಕೂಡುವುದು, ಇಲ್ಲವೆ ಹೆಣದ ಮುಂದೆ ಭಜನೆ ಹಾಡುವುದು.

ತರುಣನ ಬೆರಗೂ ಸುಳ್ಳಲ್ಲ. ಎರೆಹೊಲದ ನಾಡಿನಲ್ಲಿ ಹುಟ್ಟಿ, ಒಂಬತ್ತು ಗಂಟೆಗೆ ಊರಿಗೆ ಊರೇ ಕದವಿಕ್ಕುವುದನ್ನು ಕಂಡು ಬೆಳೆದವನಿಗೆ, ಹನ್ನೊಂದು ಗಂಟೆಯ ಮಹಾತ್ಮಾ ಗಾಂಧಿ ರಸ್ತೆಯಾಗಲಿ ಇಂದಿರಾನಗರದ ಬೀದಿಯಾಗಲಿ ಗಂಧರ್ವನಗರಿಯಂತೆ ಕಾಣುವುದು ಸಹಜವೇ ಸರಿ. ಬೆಂಗಳೂರಿನ ಕೃಷ್ಣರಾಜ ಮಾರುಕಟ್ಟೆಯ ಬಳಿ ವಿದ್ಯುತ್ತಿನ ಬೀದಿದೀಪಗಳು ಮೊದಲು ಬೆಳಗಿದ್ದು 1905ರ ಆಗಸ್ಟ್ 5ರಂದು. ಅಂದು ಬೆಳಕನ್ನು ನೋಡುವುದಕ್ಕೆಂದೇ ಜನ ಬಂದಿರಬೇಕು. ನೂರಿಪ್ಪತ್ತು ವರ್ಷಗಳ ಮೇಲೂ ಹಳ್ಳಿಗನು ಪಟ್ಟಣಕ್ಕೆ ಹೋದಾಗ ಮೊದಲು ನೋಡುವುದು ದೀಪವನ್ನೇ.

ಆದರೆ ಆ ಗಂಧರ್ವನಗರಿಗೂ ಒಂದು ಗಡಿಯಾರವುಂಟು. ಬಹುಕಾಲ ಅಲ್ಲಿಯ ಪಾನಗೃಹಗಳಿಗೂ ಭೋಜನಶಾಲೆಗಳಿಗೂ ರಾತ್ರಿ ಹನ್ನೊಂದೂವರೆಯೇ ಕೊನೆಯ ಗಂಟೆಯಾಗಿತ್ತು. 2014ರಲ್ಲಿ ಶುಕ್ರವಾರ ಶನಿವಾರಗಳಂದು ಒಂದು ಗಂಟೆಯವರೆಗೆ ತೆರೆದಿಡಲು ಅಪ್ಪಣೆಯಾಯಿತು. ಮುಂದೆ ಆ ಸವಲತ್ತು ಉಳಿದ ದಿನಗಳಿಗೂ ಹಬ್ಬಿತು. 2008ರ ಸುಮಾರಿಗೆ ಪಾನಗೃಹಗಳಲ್ಲಿ ಗಿರಾಕಿಗಳು ಕುಣಿಯಕೂಡದೆಂಬ ನಿರ್ಬಂಧವನ್ನೂ ಪೊಲೀಸರು ಬಿಗಿಯಾಗಿ ನಡೆಯಿಸಿದ್ದರು. ಕುಡಿಯಬಹುದು, ಕುಣಿಯಬಾರದು! ಈ ನಿಯಮವನ್ನು ಬಯಲಾಟದ ಭಾಗವತನೊಬ್ಬನಿಗೆ ಹೇಳಿದ್ದರೆ ಆತನು ಅದನ್ನು ತನ್ನ ಆಟದ ಹಾಸ್ಯಗಾರನ ಬಾಯಿಗೆ ಹಾಕಿಬಿಡುತ್ತಿದ್ದನೇನೋ!

ವಿನೋದವನ್ನು ಬದಿಗಿಟ್ಟು ನೋಡಿದರೆ ಇದರೊಳಗಿನ ತೊಡಕು ತೋರುತ್ತದೆ. ಪಟ್ಟಣವು ತನ್ನ ರಾತ್ರಿಯನ್ನು ಹೊಗಳಿಕೊಳ್ಳುತ್ತದೆ, ಆದರೆ ನಂಬುವುದಿಲ್ಲ. ಗಂಟೆ ಒಂದಾಯಿತೆಂದರೆ ಎಲ್ಲ ಬಾಗಿಲುಗಳೂ ಏಕಕಾಲಕ್ಕೆ ತೆರೆದು, ಒಳಗಿದ್ದವರೆಲ್ಲರನ್ನೂ ಒಮ್ಮೆಲೇ ಬೀದಿಗೆ ಸುರಿಯುತ್ತವೆ. 2011ರಲ್ಲಿ ಆರಂಭವಾದ ಮೆಟ್ರೋ ರೈಲು ದಿನನಿತ್ಯದಲ್ಲಿ ಅಷ್ಟು ಹೊತ್ತಿಗೆ ತನ್ನ ಓಡಾಟವನ್ನು ಮುಗಿಸಿ ಬಹಳ ಹೊತ್ತಾಗಿರುತ್ತದೆ. ಬಸ್ಸುಗಳು ವಿರಳ. ಆಟೋದವನು ಹೇಳಿದ್ದೇ ದರ. ಕಾರುಳ್ಳವನು ಕಾರನ್ನು ಓಡಿಸುವ ಸ್ಥಿತಿಯಲ್ಲಿಲ್ಲ; ಓಡಿಸುವ ಸ್ಥಿತಿಯಲ್ಲಿರುವವನಿಗೆ ಕಾರಿಲ್ಲ. ಜನರನ್ನು ಹೊರಗೆ ಕರೆಯಲು ಇಷ್ಟೊಂದು ದೀಪಗಳನ್ನು ಹಚ್ಚಿದ ನಗರವು ಅವರು ಮನೆಗೆ ಮರಳುವ ಬಗೆಯನ್ನು ಮಾತ್ರ ಅವರವರ ದೈವಕ್ಕೆ ಬಿಟ್ಟಿದೆ.

ಬಾಗಿಲ ಹೊರಗೆ ನಿಂತು ಇದೆಲ್ಲವನ್ನೂ ನೋಡುವವನೊಬ್ಬನಿದ್ದಾನೆ. ನೀಲಿ ಸಮವಸ್ತ್ರ ತೊಟ್ಟು, ಬಂದವರಿಗೆ ಸಲಾಮು ಹೊಡೆದು, ಹೋಗುವವರ ವಾಹನಕ್ಕೆ ದಾರಿ ಮಾಡಿಕೊಡುವ ಕಾವಲುಗಾರ. ನವಲಗುಂದದ ನಿಲ್ದಾಣದಲ್ಲಿ ಚೀಲ ಹಿಡಿದು ನಿಂತಿದ್ದವನು ಅವನೇ ಆಗಿದ್ದರೆ ಅಚ್ಚರಿಯೇನೂ ಇಲ್ಲ. ಮಳೆ ತಪ್ಪಿದ ವರ್ಷ ಮಲಪ್ರಭೆಯ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದಾಗ, ಹೆಸರೋ ಕಡಲೆಯೋ ಕೈಕೊಟ್ಟಾಗ, ಇಂಥ ಹುಡುಗರಿಗೆ ಕಾಣುವ ಹಾದಿ ಇದೊಂದೇ. ಬೆಂಗಳೂರಿನ ರಾತ್ರಿಯ ಬಗೆಗೆ ಊರಿನಲ್ಲಿ ಅವನು ಮಾಡುವ ವರ್ಣನೆಯೆಲ್ಲ ಬಾಗಿಲ ಹೊರಗಿನಿಂದ ಕಂಡದ್ದು. ಒಳಗೆ ಒಂದು ಮೇಜಿನವರು ಒಂದು ಸಂಜೆಗೆ ತೆರುವ ಹಣದಲ್ಲಿ ಅವನ ಕೋಣೆಯ ಬಾಡಿಗೆ ಸಂದಾಯವಾದೀತು. ಇದನ್ನು ಅವನು ಊರಿನಲ್ಲಿ ಹೇಳುವುದಿಲ್ಲ. ಹೇಳಿದರೆ ವರ್ಣನೆಯ ಸೊಗಸು ಕೆಡುತ್ತದಲ್ಲವೆ?

ಅಡಿಗೆಯವನು, ಎಂಜಲೆತ್ತುವವನು, ಆಸ್ಪತ್ರೆಯ ದಾದಿ, ಹೊತ್ತು ಮೂಡುವುದರೊಳಗೆ ಬೀದಿ ಗುಡಿಸುವ ಪೌರಕಾರ್ಮಿಕಳು, ಅಮೆರಿಕೆಯ ಹಗಲಿಗೆ ಹೊಂದಿಕೊಂಡು ಕಾಲ್ ಸೆಂಟರಿನಲ್ಲಿ ನಿದ್ದೆಗೆಡುವ ಪದವೀಧರೆ: ಇವರೆಲ್ಲರೂ ರಾತ್ರಿಯಲ್ಲಿ ಎಚ್ಚರವಿರುವವರೇ. ಆದರೆ ‘ನೈಟ್ ಲೈಫ್’ ಎಂಬ ಮಾತಿನೊಳಗೆ ಇವರಾರೂ ಸೇರುವುದಿಲ್ಲ. ದುಡ್ಡು ತೆತ್ತು ಎಚ್ಚರವಿರುವವರಿಗೆ ಮಾತ್ರ ಆ ಹೆಸರು. ಹಣ ಕೊಡದೆ ಕುಳಿತುಕೊಳ್ಳಬಹುದಾದ ಜಾಗ ರಾತ್ರಿ ಹತ್ತರ ಮೇಲೆ ಆ ಮಹಾನಗರದಲ್ಲಿ ಎಲ್ಲುಂಟು? ಉದ್ಯಾನಗಳಿಗೆ ಬೀಗ, ಗ್ರಂಥಾಲಯಗಳಿಗೆ ಬೀಗ, ನಾಟಕ ಮುಗಿದಿರುತ್ತದೆ. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತರೂ ಟಿಕೇಟು ಕೇಳುತ್ತಾರೆ.

ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು. ಬೆಂಗಳೂರಿಗೂ ಒಂದು ಸ್ವಂತದ ರಾತ್ರಿಯುಂಟು. ಚೈತ್ರದ ಹುಣ್ಣಿಮೆಯಂದು ಧರ್ಮರಾಯನ ಗುಡಿಯಿಂದ ನಡುರಾತ್ರಿ ಕಳೆದ ಮೇಲೆ ಹೊರಡುವ ಕರಗವು ಪೇಟೆಯ ಬೀದಿಬೀದಿಗಳನ್ನು ಸುತ್ತುತ್ತದೆ; ತಿಗಳ ಸಮಾಜದ ಕರಗಧಾರಿಯು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತಾನೆ. ಅಂದು ಅಜ್ಜಿಯರು ಮೊಮ್ಮಕ್ಕಳೊಡನೆ ಕಟ್ಟೆಗಳ ಮೇಲೆ ಕುಳಿತು, ಮಲ್ಲಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನವರೆಗೆ ಕಾಯುತ್ತಾರೆ. ಅವರಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ಆದರೆ ವರ್ಷದ ಆ ರಾತ್ರಿಯನ್ನು ಯಾರೂ ‘ನೈಟ್ ಲೈಫ್’ ಎಂದು ಕರೆದುದಿಲ್ಲ. ಹಳೆಯ ಪೇಟೆಗೆ ಆ ಪದದ ಅಗತ್ಯವೇ ಬೀಳಲಿಲ್ಲ.

ಇದೇ ಬಗೆಯ ರಾತ್ರಿಯನ್ನು ಧಾರವಾಡದ ಸೀಮೆಯಲ್ಲಿ ಅರಸುವವರು ಹುಬ್ಬಳ್ಳಿಗಲ್ಲ, ಅದರ ಆಗ್ನೇಯಕ್ಕಿರುವ ಕುಂದಗೋಳಕ್ಕೆ ಹೋಗಬೇಕು. ರೈಲು ನಿಲ್ದಾಣವಿರುವ ಸಣ್ಣ ಊರು. ಸಂತೆಯ ದಿನ ಮೆಣಸಿನಕಾಯಿಯ ಘಾಟು ಮೂಗಿಗೇರುವ ಊರು. ಅಲ್ಲಿಯ ನಾಡಿಗೇರ ಮನೆತನದ ವಾಡೆಯಲ್ಲಿ ಕಿರಾಣಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಹಾಡಿದರು. ಅವರ ಶಿಷ್ಯ ರಾಮಭಾವೂ ಕುಂದಗೋಳಕರರು ಊರಿನ ಹೆಸರನ್ನೇ ತಮ್ಮ ಹೆಸರಿಗೆ ಅಂಟಿಸಿಕೊಂಡು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಮೆರೆದು, ಸವಾಯಿ ಗಂಧರ್ವರೆನಿಸಿಕೊಂಡರು. 1952ರಲ್ಲಿ ಅವರು ತೀರಿಕೊಂಡ ಮೇಲೆ ಅವರ ನೆನಪಿಗಾಗಿ ವಾಡೆಯಲ್ಲಿ ಸಂಗೀತೋತ್ಸವ ನಡೆಯುತ್ತ ಬಂತು. ಕತ್ತಲಾದ ಮೇಲೆ ಕುಳಿತರೆ ಬೆಳಕು ಹರಿದ ಮೇಲೆ ಏಳುವುದು ಆ ಬೈಠಕ್ಕಿನ ಹಳೆಯ ಪದ್ಧತಿ.

ಇಡೀ ರಾತ್ರಿಯ ಕಛೇರಿಯೆಂದರೆ ಉದ್ದವಾದ ಕಛೇರಿಯೆಂದಷ್ಟೇ ತಿಳಿಯಬಾರದು. ಹಿಂದುಸ್ತಾನಿ ಪದ್ಧತಿಯಲ್ಲಿ ರಾಗಕ್ಕೆ ಪ್ರಹರದ ಕಟ್ಟುಂಟು. ಸೂರ್ಯಾಸ್ತದ ಮಾರವಾ, ದೀಪ ಹಚ್ಚಿದ ಮೇಲಿನ ಯಮನ್, ರಾತ್ರಿ ಏರಿದಂತೆ ಬಾಗೇಶ್ರೀ, ನಡುರಾತ್ರಿಗೆ ಮಾಲಕಂಸ, ದರಬಾರಿ. ಕೋಳಿ ಕೂಗುವ ಮುಂಚೆ ಲಲಿತ. ಮೂಡಣ ಬೆಳ್ಳಗಾದಾಗ ಭೈರವ. ಕೊನೆಗೆ ಎಲ್ಲರೂ ಏಳುವ ಹೊತ್ತಿಗೆ ಭೈರವಿ. ಒಂದೊಂದು ಸ್ವರವನ್ನೇ ಹಿಡಿದು, ಅದರ ಮನೆಯ ಅಂಗಳದಲ್ಲಿ ಅಡ್ಡಾಡಿ, ಅನಂತರವೇ ಮುಂದಿನ ಸ್ವರದ ಹೊಸ್ತಿಲನ್ನು ತುಳಿಯುವ ಕಿರಾಣಾ ಗಾಯನಕ್ಕೆ ಅವಸರವೆಂಬುದೇ ಅಪಥ್ಯ. ಅದಕ್ಕೆ ರಾತ್ರಿಯಷ್ಟೇ ಅಗಲವಾದ ಸಮಯ ಬೇಕು. ಹತ್ತು ಗಂಟೆಗೆ ಮುಗಿಯುವ ಸಭಾಗೃಹದಲ್ಲಿ ದರಬಾರಿಯನ್ನು ಹಾಡಲಿಕ್ಕೇನೋ ಬರುತ್ತದೆ. ಆದರೆ ಅದು ನಡುಹಗಲಲ್ಲಿ ಹಚ್ಚಿಟ್ಟ ದೀಪದಂತೆ ತೋರುತ್ತದೆ.

ಅಂಥ ಬೈಠಕ್ಕಿಗೆ ಬಂದವರೆಲ್ಲ ರಸಿಕಶಿಖಾಮಣಿಗಳೆಂದೇನೂ ಭಾವಿಸಬೇಕಾಗಿಲ್ಲ. ಕಂಬಕ್ಕೊರಗಿ ಗೊರಕೆ ಹೊಡೆಯುವವರು ಎಲ್ಲ ಕಾಲಕ್ಕೂ ಇದ್ದವರೇ. ಚಹದ ಒಲೆಯ ಹತ್ತಿರವೇ ರಾತ್ರಿ ಕಳೆಯುವವರೂ, ಗಾಯಕನಿಗಿಂತ ತಬಲಜಿಯ ಅಂಗಿಯನ್ನೇ ಹೆಚ್ಚಾಗಿ ಗಮನಿಸಿ ಬಂದವರೂ ಉಂಟು. ಆದರೂ ಜಮಖಾನದ ಮೇಲೆ ರೈತನ ಪಕ್ಕದಲ್ಲಿ ವಕೀಲ, ವಕೀಲನ ಪಕ್ಕದಲ್ಲಿ ಸಿಂಪಿಗ. ನಿದ್ದೆ ಬಂದವನು ಅಲ್ಲಿಯೇ ಕಾಲು ಚಾಚಬಹುದು. ಎಚ್ಚರವಾದಾಗ ರಾಗ ಬದಲಾಗಿರುತ್ತದೆ, ಅಷ್ಟೆ. ಹೋಳಿಯಲ್ಲಿ ನವಲಗುಂದದ ರಾಮಲಿಂಗ ಕಾಮಣ್ಣನಿಗೆ ಹರಕೆ ಹೊತ್ತು ಸರದಿಯಲ್ಲಿ ನಿಂತವರಿಗೂ, ಜಾತ್ರೆಯಲ್ಲಿ ದೊಡ್ಡಾಟ ನೋಡುತ್ತ ಕಂಬಳಿ ಹೊದ್ದು ಕುಳಿತವರಿಗೂ ಈ ಸ್ವಾತಂತ್ರ್ಯವಿದ್ದಿತು. ರಾತ್ರಿಯನ್ನು ಕಳೆಯುವುದಕ್ಕೆ ಏನನ್ನೂ ಕೊಳ್ಳಬೇಕಾಗಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಹಳ್ಳಿಯನ್ನು ಹೊಗಳಿ ಪಟ್ಟಣವನ್ನು ತೆಗಳುವ ಹಳೆಯ ಕೀರ್ತನೆಯಾದೀತು. ಆ ಜಮಖಾನದ ಮೇಲೆ ರೈತನೂ ವಕೀಲನೂ ಸಿಂಪಿಗನೂ ಕುಳಿತಿದ್ದರಲ್ಲ, ಅವರ ಮನೆಯ ಹೆಂಗಸರೆಲ್ಲಿದ್ದರು? ಜಾತ್ರೆಯ ಆಟಕ್ಕೆ ಹೆಂಗಸರು ಬಂದರೂ ಬೇರೊಂದು ಬದಿಯಲ್ಲಿ, ಮನೆಯವರ ಕಾವಲಿನಲ್ಲಿ ಕೂಡಬೇಕು. ರಂಗದ ಮೇಲೆ ರಾಣಿಯಾಗಿ ಕುಣಿಯುವವನು ಗಂಡಸು. ಸವಾಯಿ ಗಂಧರ್ವರು ಹೆಣ್ಣುವೇಷ ತೊಟ್ಟು ಸಾವಿರಾರು ಜನರ ಚಪ್ಪಾಳೆ ಗಿಟ್ಟಿಸಿದ ಕಾಲದಲ್ಲಿ ನಿಜವಾದ ಹೆಣ್ಣೊಬ್ಬಳು ಹಾಡುತ್ತೇನೆಂದು ಹೊರಬಿದ್ದರೆ ಅವಳಿಗೆ ಸಿಗುತ್ತಿದ್ದ ಹೆಸರುಗಳು ಬೇರೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಈ ಸವಾಯಿ ಗಂಧರ್ವರ ಬಳಿಯೇ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ‘ಗಾನೇವಾಲಿ’ ಎಂಬ ಮೂದಲಿಕೆಯನ್ನು ಅವರು ಕೇಳದೆ ಇರಲಿಲ್ಲ. ಗುರುಗಳು ಒಂದೇ ಪಲುಕನ್ನು ಮತ್ತೆ ಮತ್ತೆ ಹೇಳಿಸುವವರು. ಪಾಠಕ್ಕೆ ಹೊತ್ತಿನ ಪರಿವೆಯಿಲ್ಲ. ರೈಲಿಗಾದರೋ ಹೊತ್ತುಂಟು. ಅದೇ ಮನೆಯಲ್ಲಿ ಗುರುಸೇವೆ ಮಾಡುತ್ತ ಕಲಿಯುತ್ತಿದ್ದ ಹುಡುಗ ಭೀಮಸೇನ ಜೋಶಿ, ಪಾಠ ಮುಗಿದ ಮೇಲೆ ಕತ್ತಲಲ್ಲಿ ಅವರನ್ನು ನಿಲ್ದಾಣದವರೆಗೆ ಕಳುಹಿಸಿ ಬರುತ್ತಿದ್ದನೆಂಬುದು ಸಂಗೀತಗಾರರ ವಲಯದಲ್ಲಿ ಬಹಳ ಪ್ರೀತಿಯಿಂದ ಹೇಳಿಕೊಳ್ಳುವ ಸಂಗತಿ. ಮುಂದೆ ಇಬ್ಬರೂ ಭಾರತದ ಮಹಾಗಾಯಕರಾದರು. ಆದರೆ ಆ ರಾತ್ರಿಗಳಲ್ಲಿ ಅವರು, ಕಲಿತದ್ದನ್ನು ಮೆಲುಕು ಹಾಕುತ್ತ ಕಲ್ಲುಮುಳ್ಳಿನ ದಾರಿಯಲ್ಲಿ ನಡೆದ ಅಕ್ಕ ಮತ್ತು ತಮ್ಮ. ಕುಂದಗೋಳದ ರಾತ್ರಿಯ ಬಗೆಗೆ ಹೇಳತಕ್ಕ ಒಳ್ಳೆಯ ಮಾತೂ ಕೆಟ್ಟ ಮಾತೂ ಈ ಒಂದು ಚಿತ್ರದಲ್ಲಿಯೇ ಅಡಗಿವೆ. ಹೆಣ್ಣೊಬ್ಬಳು ಕತ್ತಲಲ್ಲಿ ಒಬ್ಬಳೇ ನಡೆಯಲಾರಳೆಂಬ ಊರು ಅದು; ಅವಳ ಜೊತೆಗೆ ಒಬ್ಬನು ನಡೆದು ಬಂದ ಊರೂ ಅದೇ.

ಪಟ್ಟಣವು ಈ ವಿಷಯದಲ್ಲಿ ಹಳ್ಳಿಗಿಂತ ಮುಂದೆ ಹೋಯಿತು, ಸಂದೇಹವಿಲ್ಲ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಹೆಂಗಸರನ್ನು ರಾತ್ರಿಯಲ್ಲಿ ದುಡಿಸಿಕೊಳ್ಳಬಾರದೆಂದಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಮಾಹಿತಿ ತಂತ್ರಜ್ಞಾನದ ಕಂಪನಿಗಳಿಗೆ ಅದರಿಂದ ವಿನಾಯಿತಿ ದೊರೆತು, ಸಾವಿರಾರು ಹೆಣ್ಣುಮಕ್ಕಳು ರಾತ್ರಿಪಾಳಿಗೆ ಹೊರಟರು. ಅಣ್ಣಿಗೇರಿಯಲ್ಲಿಯೋ ಕಲಘಟಗಿಯಲ್ಲಿಯೋ ಸಂಜೆ ಏಳಕ್ಕೆ ಅಂಗಳ ದಾಟಬಾರದೆಂಬ ಕಟ್ಟಳೆಯಲ್ಲಿ ಬೆಳೆದ ಹುಡುಗಿಯು ಮಹಾನಗರದಲ್ಲಿ ಬೆಳಗಿನ ಮೂರಕ್ಕೆ ತನ್ನ ದುಡಿಮೆಯ ಹಣದಿಂದ ಒಂದು ಕಪ್ಪು ಕಾಫಿ ಕೊಂಡು ಕುಡಿಯುವುದು ಸಣ್ಣ ಮಾತಲ್ಲ. ಅವಳ ತಾಯಿಗೆ ಅದು ಕನಸಿನಲ್ಲಿಯೂ ಇರಲಿಲ್ಲ.

ಆದರೆ 2005ರ ಡಿಸೆಂಬರಿನಲ್ಲಿ ಅಂಥ ನೌಕರಳೊಬ್ಬಳು, ರಾತ್ರಿಪಾಳಿಗೆ ಕರೆದೊಯ್ಯಲು ಬಂದ ಗಾಡಿಯ ಚಾಲಕನಿಂದಲೇ ಕೊಲೆಯಾದಳು. 2016ರ ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರಸ್ತೆಯ ಸುತ್ತಲಿನ ಜನಸಂದಣಿಯಲ್ಲಿ ಹೆಣ್ಣುಮಕ್ಕಳು ಪಟ್ಟ ಪಾಡು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಂದು ಪೊಲೀಸರಿದ್ದರು, ದೀಪಗಳಿದ್ದವು, ಜನರೂ ಇದ್ದರು. ಇಂಥ ಪ್ರತಿ ಸಂದರ್ಭದಲ್ಲಿಯೂ ಒಂದು ಪ್ರಶ್ನೆ ಏಳುತ್ತದೆ: ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ? ಕೇಳುವವರು ಪಟ್ಟಣಿಗರೇ, ಓದಿದವರೇ. ಗಂಗೂಬಾಯಿಯವರನ್ನು ಮೂದಲಿಸಿದ ಬಾಯಿಗಳಿಗೂ ಈ ಬಾಯಿಗಳಿಗೂ ಎಂಬತ್ತು ವರ್ಷಗಳ ಅಂತರ; ಮಾತು ಮಾತ್ರ ಒಂದೇ. ಪಟ್ಟಣದ ರಾತ್ರಿಯಲ್ಲಿ ಹೆಣ್ಣುಮಕ್ಕಳು ಹೊರಗಿರುವುದು ದೋಷವೆಂದು ಹೇಳುವವರು ಹೇಳಲಿ. ಅವಳು ಹೊರಗಿರುವಾಗ ನಿಲ್ದಾಣದವರೆಗಿನ ದಾರಿ ಯಾರ ಹೊಣೆಯೂ ಅಲ್ಲವೆಂಬುದೇ ಅದರ ದೊಡ್ಡ ಕೊರತೆ.

ಪಟ್ಟಣದ ಇನ್ನೊಂದು ಉಪಕಾರವನ್ನೂ ಇಲ್ಲಿ ನೆನೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ನಿಯಮ ತಪ್ಪೆನ್ನುವಂತಿಲ್ಲ, ಮಹಾನಗರದಲ್ಲಿ ರೋಗಿಯೂ ಕೂಸೂ ಪರೀಕ್ಷೆಗೆ ಓದುವವನೂ ನಿದ್ದೆ ಮಾಡಬೇಕಷ್ಟೆ. ಆದರೆ ಭೀಮಸೇನ ಜೋಶಿಯವರು ಗುರುವಿನ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವು, ಒಂದು ಕಾಲಕ್ಕೆ ರಾತ್ರಿಯಿಡೀ ನಡೆಯುತ್ತಿದ್ದದ್ದು, ಈ ನಿಯಮದ ಮುಂದೆ ತನ್ನ ವೇಳೆಯನ್ನು ಮೊಟಕು ಮಾಡಿಕೊಳ್ಳಬೇಕಾಯಿತು. ಹಳ್ಳಿಯ ಆಟದ ಮೇಳಗಳೂ ಠಾಣೆಯ ಬಾಗಿಲು ಕಾಯಬೇಕಾಯಿತು. ಪಟ್ಟಣದ ಗದ್ದಲಕ್ಕೆಂದು ಅರೆದ ಔಷಧವನ್ನು ಮಾಲಕಂಸಕ್ಕೂ ಕುಡಿಸಿದಂತಾಯಿತು. ಇದರ ನಡುವೆ ಮದುವೆಯ ಮೆರವಣಿಗೆಯ ಡೀಜೆ ಎಂಬ ರಾಕ್ಷಸ ಮಾತ್ರ ಹೇಗೋ ಬದುಕಿಕೊಂಡಿದೆ. ಅದರ ಆಯುಸ್ಸು ಗಟ್ಟಿ.

ಇತ್ತ ಊರಿನ ರಾತ್ರಿಯೂ ಮುಂಚಿನಂತೆ ಉಳಿದಿಲ್ಲ. ಹುಬ್ಬಳ್ಳಿಯ ಹೆದ್ದಾರಿಗುಂಟ ಧಾಬಾಗಳು ಎದ್ದಿವೆ. ಅಲ್ಲಿ ಬಣ್ಣದ ದೀಪದ ಸರ ತೂಗಾಡುತ್ತದೆ, ಮೋಟರ್ ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುತ್ತವೆ. ಮಹಾನಗರದ ರಾತ್ರಿಯಲ್ಲಿ ಅನುಕರಿಸಲು ಅತ್ಯಂತ ಸುಲಭವಾದ ಭಾಗ ಯಾವುದೋ ಅದು ಮೊದಲು ಹಳ್ಳಿಗೆ ಬಂದಿದೆ. ಭಜನೆಯ ಮನೆಗಳಲ್ಲಿ ತಾಳಗಳು ಗೂಟಕ್ಕೆ ತೂಗುತ್ತಿವೆ. ಹುಡುಗರು ಕಟ್ಟೆಯ ಮೇಲೆ ಒಬ್ಬೊಬ್ಬರೇ ಮೊಬೈಲಿನ ಬೆಳಕಿನಲ್ಲಿ ಮುಖ ತೊಳೆದುಕೊಳ್ಳುತ್ತಾರೆ. ಇನ್ನು ಕಲಘಟಗಿಯ ಕಡೆಗೆ ಕೊಳವೆಬಾವಿಯುಳ್ಳ ರೈತನ ರಾತ್ರಿಯನ್ನು ಯಾವ ಜೀವನವೆಂದು ಕರೆಯಬೇಕೋ ತಿಳಿಯದು. ಪಂಪಿಗೆ ಬೇಕಾದ ತ್ರೀ ಫೇಸ್ ವಿದ್ಯುತ್ತು ಎಷ್ಟೋ ವೇಳೆ ಬರುವುದು ರಾತ್ರಿಯಲ್ಲಿಯೇ. ಪಟ್ಟಣದವನು ಮೋಜಿಗಾಗಿ ಎಚ್ಚರವಿರುವ ಹೊತ್ತಿನಲ್ಲಿ, ಇವನು ಬ್ಯಾಟರಿ ಹಿಡಿದು, ಹಾವು ಚೇಳುಗಳನ್ನು ನೋಡಿಕೊಳ್ಳುತ್ತ, ಕಬ್ಬಿನ ಸಾಲಿಗೆ ನೀರು ತಿರುವುತ್ತಿರುತ್ತಾನೆ. ಒಂದೇ ತಂತಿಯ ಎರಡು ತುದಿಗಳಲ್ಲಿ ಇಬ್ಬರು ನಿದ್ದೆಗೆಡುವವರು. ಒಬ್ಬನ ವಿಷಯ ಇನ್ನೊಬ್ಬನಿಗೆ ಗೊತ್ತಿಲ್ಲ.

ಆ ಕಾವಲುಗಾರ ಹುಡುಗನಿಗೆ ಮಾತ್ರ ಎರಡೂ ತುದಿಗಳು ಗೊತ್ತು. ಒಂದು ಗಂಟೆಗೆ ಬಾಗಿಲು ಮುಚ್ಚಿ, ಕೊನೆಯ ಕಾರು ಹೋದ ಮೇಲೂ ಅವನು ಕೋಣೆಗೆ ಹೋಗುವಂತಿಲ್ಲ. ಅವನ ಕೋಣೆ ಊರ ಅಂಚಿನಲ್ಲಿ, ಮೊದಲ ಬಸ್ಸು ಬೆಳಗಿಗೆ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು, ಬೀದಿದೀಪದ ಕೆಳಗೆ ನಾಯಿಗಳು ಸರಹದ್ದಿಗಾಗಿ ಜಗಳಾಡುವುದನ್ನು ನೋಡುತ್ತಾನೆ. ಸೈಕಲ್ಲಿನ ಹಿಂದೆ ಪಾತ್ರೆಯಿಟ್ಟು ಚಹ ಮಾರುವವನು ಬಂದರೆ ಒಂದು ಲೋಟ ಕುಡಿಯುತ್ತಾನೆ. ಪಾಳಿ ಮುಗಿಸಿದ ಹುಡುಗಿಯೊಬ್ಬಳು ಗಾಡಿಗಾಗಿ ಎದುರು ಬದಿಯಲ್ಲಿ ನಿಂತಿದ್ದರೆ, ಗಾಡಿ ಬಂದು ಅವಳು ಹತ್ತುವವರೆಗೆ ಅತ್ತ ಕಡೆಗೊಂದು ಕಣ್ಣಿಡುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿಲ್ಲ. ನಾಲ್ಕೂವರೆಗೆ ಹೂವಿನ ಲಾರಿಗಳು ಮಾರುಕಟ್ಟೆಯ ಕಡೆಗೆ ಸಾಗುತ್ತವೆ. ಐದಕ್ಕೆ ಅವನು ಊರಿಗೆ ಫೋನು ಮಾಡುತ್ತಾನೆ. ಅಷ್ಟು ಹೊತ್ತಿಗೆ ತಾಯಿ ಎದ್ದು ಎಮ್ಮೆ ಹಿಂಡುತ್ತಿರುತ್ತಾಳೆ. ‘ಯಾಕೋ, ಇಷ್ಟು ಲಗೂನ ಎದ್ದೀಯಲ್ಲಾ?’ ಎಂದು ಆಕೆ ಕೇಳುತ್ತಾಳೆ.

ಹೌದವ್ವಾ, ಈಗಷ್ಟೇ ಎದ್ದೆ ಎನ್ನುತ್ತಾನೆ ಅವನು.